ಹಸುಗೂಸಿನ ಎದೆಮೂಳೆ ಕೂಡಿಕೊಂಡಿಲ್ಲ: ಶಸ್ತ್ರಚಿಕಿತ್ಸೆ ಈಗಲೇ ಬೇಕೇ?

ಪ್ರಶ್ನೆ: ಡಾಕ್ಟರಿಗೆ ನಮಸ್ಕಾರ. ನನ್ನ ತಂಗಿಯ ಮಗುವಿಗೆ ಈಗ 12 ದಿನ. ಕೊರಳಿನ ಕೆಳಗೆ, ಎದೆಯ ನಡುವೆ ಹಳ್ಳವಿದ್ದು, ಅತ್ತಾಗ ಅದೇ ಜಾಗ ಉಬ್ಬಿಕೊಳ್ಳುತ್ತದೆ. ತೆಳುವಾದ ಚರ್ಮದ ಅಡಿಯಲ್ಲಿ ಮಿಡಿತ ಕಣ್ಣಿಗೇ ಕಾಣುತ್ತದೆ. ಎದೆಮೂಳೆಯ ಮೇಲ್ಭಾಗ ಸೀಳಿದೆ, ತಡಮಾಡದೆ ಶಸ್ತ್ರಚಿಕಿತ್ಸೆ ಮಾಡಿಸಿ ಎಂದಿದ್ದಾರೆ. ಮಗು ಹಾಲು ಚೆನ್ನಾಗಿಯೇ ಕುಡಿಯುತ್ತಿದೆಯಲ್ಲ, ವರ್ಷ ತುಂಬಲಿ ಎನ್ನುವುದು ಮನೆಯ ಹಿರಿಯರ ಮಾತು. ಏನು ಮಾಡೋಣ?

ಉತ್ತರ (ಮಕ್ಕಳ ಶಸ್ತ್ರಚಿಕಿತ್ಸಕರು): ಹಿರಿಯರ ಆತಂಕ ಸಹಜವಾದರೂ ಇಲ್ಲಿ ಕಾದಷ್ಟೂ ಕೆಲಸ ಕಷ್ಟವಾಗುತ್ತದೆ. ಗರ್ಭದಲ್ಲಿ ಎದೆಮೂಳೆ ಎಡಕ್ಕೊಂದು ಬಲಕ್ಕೊಂದು ಪಟ್ಟಿಯಾಗಿ ಮೂಡುತ್ತದೆ. ಸುಮಾರು 10ನೇ ವಾರದ ಹೊತ್ತಿಗೆ ಅವೆರಡೂ ಕೂಡಿಕೊಳ್ಳಬೇಕು. ಕೂಡದೆ ಉಳಿದರೆ ಹೃದಯಕ್ಕೂ ದೊಡ್ಡ ರಕ್ತನಾಳಗಳಿಗೂ ಮುಂಭಾಗದಲ್ಲಿ ಮೂಳೆಯ ರಕ್ಷಣೆ ಇರುವುದಿಲ್ಲ.

ನವಜಾತ ಶಿಶುವಿನ ಎದೆಗೂಡು ಬಹುಪಾಲು ಮೃದ್ವಸ್ಥಿ, ಅಂದರೆ ಮೆತ್ತನೆಯ ಎಲುಬು, ಆದ್ದರಿಂದ ಸುಲಭವಾಗಿ ಬಾಗುತ್ತದೆ. ಕೆಳಗೆ ಎರಡೂ ಪಟ್ಟಿಗಳು ಸೇರಿರುವ ಜಾಗದಲ್ಲಿ ತ್ರಿಕೋನಾಕಾರದ ಸಣ್ಣ ತುಣುಕನ್ನು ತೆಗೆದರೆ ಅಂಚುಗಳು ಒಂದರ ಪಕ್ಕ ಒಂದು ಬಂದು ನಿಲ್ಲುತ್ತವೆ, ನೇರವಾಗಿ ಹೊಲಿಯಬಹುದು; ಸಾಮಾನ್ಯವಾಗಿ ಲೋಹದ ತಟ್ಟೆಯೂ ಬೇಡ, ಜಾಲರಿಯೂ ಬೇಡ. ಹೊಲಿಗೆಯ ಗಂಟು ಬಿಗಿಯುವ ಮೊದಲು ಅಂಚುಗಳನ್ನು ಒತ್ತಿ ಹಿಡಿದು ರಕ್ತದೊತ್ತಡ ಗಮನಿಸುತ್ತೇವೆ. ಅದು ಕುಸಿದರೆ ಹೃದಯಕ್ಕೆ ಜಾಗ ಸಾಲುತ್ತಿಲ್ಲವೆಂದು ತಿಳಿದು ಸಡಿಲಿಸುತ್ತೇವೆ. ತಿಂಗಳುಗಳು ಕಳೆದಂತೆ ಗೂಡು ಬಿರುಸಾಗಿ, ಅಂಚುಗಳನ್ನು ಸೇರಿಸಿದಾಗ ಹೃದಯದ ಮೇಲೆ ಬೀಳುವ ಒತ್ತಡ ಹೆಚ್ಚುತ್ತದೆ; ಆಗ ಪಕ್ಕೆಲುಬುಗಳ ಮೃದ್ವಸ್ಥಿಯನ್ನು ಓರೆಯಾಗಿ ಕತ್ತರಿಸಿ ಜಾರಿಸಬೇಕಾಗಬಹುದು, ಇಲ್ಲವೇ ಮಗುವಿನ ದೇಹದ್ದೇ ಮೂಳೆ ತಂದು ಕೂರಿಸಬೇಕಾಗಬಹುದು.

ಮೊದಲು ಎಕೋ (ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆ) ಆಗಲೇಬೇಕು. ಸೀಳು ಎದೆಮೂಳೆಯ ಕೆಳತುದಿಯಲ್ಲಿದ್ದರೆ ನಮ್ಮ ಚಿಂತೆ ಬೇರೆ: 1958ರಲ್ಲಿ ಕ್ಯಾಂಟ್ರೆಲ್ ಎಂಬ ವೈದ್ಯರು ಮತ್ತು ಸಂಗಡಿಗರು ವಿವರಿಸಿದಂತೆ ಹೊಟ್ಟೆಯ ಗೋಡೆ, ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪರದೆ), ಹೃದಯದ ಹೊರಪೊರೆ ಹಾಗೂ ಹೃದಯದಲ್ಲೂ ದೋಷಗಳಿರಬಹುದು. ನಿಮ್ಮ ತಂಗಿಯ ಮಗುವಿನದು ಮೇಲ್ಭಾಗದ ಸೀಳು, ಹಾಗಾಗಿ ಆ ಚಿಂತೆ ಇಲ್ಲಿ ಕಡಿಮೆ.

ಪ್ರಶ್ನೆ: ಗಲ್ಲದ ಮೇಲೆ ಮಸುಕಾದ ಕೆಂಪು ಮಚ್ಚೆಯೊಂದಿದೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ಇರಬಹುದು, ಒಳ್ಳೆಯ ಪ್ರಶ್ನೆ ಕೇಳಿದಿರಿ. ಎದೆಮೂಳೆಯ ಸೀಳಿನೊಂದಿಗೆ ಮುಖ ಮತ್ತು ಕೊರಳಿನಲ್ಲಿ ಹೆಮಾಂಜಿಯೋಮಾ ಎಂಬ ರಕ್ತನಾಳದ ಗಂಟು ಕಾಣಿಸಿಕೊಳ್ಳುವುದುಂಟು. ಮೊದಲ ವಾರಗಳಲ್ಲಿ ಮಸುಕಾಗಿದ್ದು ನಂತರ ಬೆಳೆಯುವ ಅದು ಶ್ವಾಸನಾಳದೊಳಗೂ ಇದ್ದರೆ ಉಸಿರಾಟದ ಕೊಳವೆ ಹಾಕುವಾಗ ತೊಂದರೆಯಾದೀತು. ಆದ್ದರಿಂದ ಅರಿವಳಿಕೆ ವೈದ್ಯರಿಗೆ ಮಚ್ಚೆಯನ್ನು ಮುಂಚಿತವಾಗಿಯೇ ತೋರಿಸಿ, ತಲೆ ಮತ್ತು ಕೊರಳಿನ ಎಂಆರ್‌ಐ ಬೇಕೇ ಎಂದು ಕೇಳಿ.