ಸೀನನ ಔಟ್‌ಟರ್ನ್

ಚಿಕ್ಕಮಗಳೂರಿನ ಹನುಮಂತಪ್ಪ ಸರ್ಕಲ್ ಹತ್ತಿರದ ಹೋಟೆಲ್. ರಾಮೇಗೌಡರು ಮೊಬೈಲ್ ದೂರ ಹಿಡಿದು ಕಾಫಿ ರೇಟು ಓದುತ್ತಿದ್ದರು. "ರೋಬಸ್ಟಾ ಲಂಡನ್‌ನಲ್ಲಿ ಇಳಿದಿದೆ. ಅರೇಬಿಕಾ ನ್ಯೂಯಾರ್ಕ್‌ನಲ್ಲಿ ಪರವಾಗಿಲ್ಲ."

"ಸೀನನ ರೇಟು?" ಮೇಷ್ಟ್ರು ಕೇಳಿದರು.

ಸೀನ ಗೌಡರ ಮಗ, ಊರಿನ ಮನೆಯಿಂದಲೇ ಅಮೆರಿಕದ ಕಂಪನಿಗೆ ಕೆಲಸ ಮಾಡುವವನು. ಗೌಡರ ಮುಖ ಬಾಡಿತು. "ಅದೇ ಕೆಲಸ ಮಾಡೋ ಹುಡುಗನಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಾಲ್ಕು ಪಟ್ಟು ಕೊಡ್ತಾರಂತೆ. ಕೇಳಿದ್ರೆ, ನಿಮ್ಮೂರಲ್ಲಿ ಖರ್ಚು ಕಡಿಮೆ ಅಲ್ವಾ ಅಂದ್ರಂತೆ."

"ಸೌತೆಕಾಯಿ ಅಗ್ಗ, ನಿಜ. ಲ್ಯಾಪ್‌ಟಾಪಿಗೆ ಮಲೆನಾಡು ರಿಯಾಯಿತಿ ಇದ್ಯಾ? ಮೊದಲು ಅವನಿಗೆ ಹೇಳು, ಮೀಟಿಂಗಿನಲ್ಲಿ ಹಿಂದೆ ಕಾಫಿ ಗಿಡ ಕಾಣೋ ಹಾಗೆ ಕೂರಬೇಡ ಅಂತ. ಹಸಿರು ಕಂಡ ಕೂಡ್ಲೇ ಸಂಬಳಕ್ಕೆ ಕತ್ತರಿ ಹಾಕ್ತಾರೆ."

"ಖರ್ಚಿನ ಮಾತೆಲ್ಲ ಸುಮ್ನೆ," ಶಂಕ್ರ ಬಾಯಿ ಹಾಕಿದ. "ಸೀನ ಬಿಟ್ರೆ ಬೆಂಗಳೂರಲ್ಲಿ ಇನ್ನೊಬ್ಬ ಎಷ್ಟಕ್ಕೆ ಸಿಗ್ತಾನೆ? ಅದೇ ಸೀನನ ರೇಟು. ಸ್ಯಾನ್ ಫ್ರಾನ್ಸಿಸ್ಕೋದವನನ್ನ ಪಕ್ಕದ ಬೀದಿ ಕಂಪನಿ ಜಾಸ್ತಿ ಕೊಟ್ಟು ಎಳ್ಕೊಳ್ಳುತ್ತೆ. ಇವನೂ ಅಲ್ಲಿಗೇ ಹೋಗೋಣ ಅಂದ್ರೆ ಅಮೆರಿಕದ ಕೆಲಸದ ವೀಸಾ ಎಚ್-1ಬಿ ವರ್ಷಕ್ಕೆ ಕಂಪನಿಗಳ ಪಾಲಿಗೆ 85,000 ಜನಕ್ಕೆ ಮಾತ್ರ. ಅದಕ್ಕೂ ಲಾಟರಿ."

"ಬೀಜಕ್ಕೆ ವೀಸಾ ಬೇಡ ನೋಡು," ಮೇಷ್ಟ್ರು ಲೋಟ ಇಟ್ಟರು. "ಮಂಗಳೂರಲ್ಲಿ ಹಡಗು ಹತ್ತಿದ್ರೆ ಮುಗೀತು. ಗಿಡ ಯಾವ ಊರಲ್ಲಿ ನಿಂತಿತ್ತು, ಅಲ್ಲಿ ಬಾಡಿಗೆ ಎಷ್ಟು ಅಂತ ಯಾರಾದ್ರೂ ಕೇಳ್ತಾರಾ?"

"ಔಟ್‌ಟರ್ನ್ ಕೇಳ್ತಾರೆ," ಗೌಡರು ಹೇಳಿದರು. "50 ಕೆಜಿ ಚೆರಿಗೆ, ಅಂದ್ರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣಿಗೆ, ಬೀಜ ಎಷ್ಟು ಬಂತು ಅಂತ."

"ಸೀನನ ಔಟ್‌ಟರ್ನ್ ಚೆನ್ನಾಗೇ ಇದೆ. ಆದ್ರೆ ತೂಕ ಹಾಕಿದ್ದು ಅವನಿರೋ ಊರು ಅನ್ನೋ ಸಿಪ್ಪೆಗೆ! ನಿನ್ನಪ್ಪನ ಕಾಲದಲ್ಲೂ ಹೀಗೇ ಅಲ್ವಾ? ಬೆಳೆದದ್ದೆಲ್ಲ ಕಾಫಿ ಬೋರ್ಡಿನ ಪೂಲಿಗೆ, ಎಲ್ಲರ ಬೀಜ ಒಟ್ಟು ಸೇರಿಸಿ ಮಾರೋದು ಅವರೇ. ದುಡ್ಡು ಅವರು ಕೊಟ್ಟಾಗ, ಕೊಟ್ಟಷ್ಟು. 1996ರ ಹೊತ್ತಿಗೆ ಬೀಜಕ್ಕೆ ಪೂರ್ತಿ ಸ್ವಾತಂತ್ರ್ಯ ಬಂತು. ಸೀನ ಇನ್ನೂ ಪೂಲಿನಲ್ಲೇ ಇದ್ದಾನೆ."

ಗೌಡರಿಗೆ ಖುಷಿಯಾಯಿತು. "ಅನ್ಯಾಯ ಅಲ್ವಾ ಮತ್ತೆ?"

ಮೇಷ್ಟ್ರು ಅಲ್ಲೇ ಪಕ್ಷ ಬದಲಿಸಿದರು. ಅವರಿಗೆ ಇದು ಅಭ್ಯಾಸ. "ನಿನ್ನ ತೋಟಕ್ಕೆ ಅಸ್ಸಾಂನಿಂದ ಬಂದವರಿಗೆ ಅಸ್ಸಾಂ ಕೂಲಿ ಕೊಡ್ತೀಯೇನೋ?"

"ಕೊಟ್ರೆ ಸಂಜೆಗೆ ಪಕ್ಕದ ತೋಟದಲ್ಲಿರ್ತಾರೆ."

"ಹಾಂ. ಅವರು ರೈಲು ಹತ್ತಿದ್ರು. ನಿನ್ನ ಮಗ ಹತ್ತಲಿಲ್ಲ."

ಶಂಕ್ರ ನಕ್ಕ. ಗೌಡರು ನಗಲಿಲ್ಲ. ಲೋಟದ ತಳದಲ್ಲಿ ಉಳಿದ ಸಕ್ಕರೆಯನ್ನು ಚಮಚದಲ್ಲಿ ಕದಡುತ್ತಾ ಕೂತರು.

"ರಾತ್ರಿ ಎರಡು ಗಂಟೆಗೆ ಎಚ್ಚರ ಆಗುತ್ತೆ ನಂಗೆ. ಅವನ ರೂಮಲ್ಲಿ ಲೈಟ್ ಇರುತ್ತೆ. ಹೊರಗೆ ಜೀರುಂಡೆ ಕೂಗ್ತಿರುತ್ತೆ, ಇವನು ಒಳಗೆ ಯಾರಿಗೋ ಗುಡ್ ಆಫ್ಟರ್‌ನೂನ್ ಅಂತಿರ್ತಾನೆ."

"ನೀನೇನು ಮಾಡ್ತೀಯ?"

"ಏನ್ ಮಾಡೋದು, ಸ್ವಲ್ಪ ಹೊತ್ತು ಕೇಳಿ ಮಲ್ಕೋತೀನಿ. ಪಕ್ಕದ ತೋಟದ ಮನೆಗೆ ಬೀಗ ಬಿದ್ದು ನಾಲ್ಕು ವರ್ಷ ಆಯ್ತು." ಗೌಡರು ಮೊಬೈಲ್ ಜೇಬಿಗೆ ಹಾಕಿಕೊಂಡು ಎದ್ದರು. "ಮೇಷ್ಟ್ರೇ, ಈ ಹಡಗು, ರೈಲು ಅನ್ನೋ ಮಾತೆಲ್ಲ ಅವನ ಮುಂದೆ ಎತ್ತಬೇಡಿ."