ಮಣ್ಣೆತ್ತು ಬಿರೀತಾವ, ಪಂಚಮಿ ಉಂಡಿ ಹದಕ್ಕ ಬರೂದಿಲ್ಲ: ತಿಳದವರು ಹೇಳ್ರಿ

ಉಣಕಲ್ ಕಡಿಯಾಕಿ, ಹುಬ್ಬಳ್ಳಿ

ನಮಸ್ಕಾರ್ರೀ ಎಲ್ಲಾರಿಗೂ. ಈ ಸಲ ಮಣ್ಣೆತ್ತಿನ ಅಮಾಸಿಗೆ ಪೂಜಿ ಮಾಡೂ ಮಣ್ಣಿನ ಎತ್ತು ಕೊಂಡು ತರೂದು ಬ್ಯಾಡ, ಹುಡುಗರ ಕೈಲೆ ಮನ್ಯಾಗ ಮಾಡಸೂಣು ಅಂತ ಐತಿ. ಮುಂದ ನಾಗರ ಪಂಚಮಿಗೆ ಹೆಣ್ಮಕ್ಕಳು, ಅಳಿಯಂದ್ರು, ಮೊಮ್ಮಕ್ಕಳು ಎಲ್ಲಾ ಸೇರಿ ಹದಿನೈದು ಮಂದಿ ಆಗ್ತಾರ. ಉಂಡಿನೂ ಮನ್ಯಾಗ ಕಟ್ಟೂದು.

ಎರಿ (ಕರಿ) ಮಣ್ಣಿನ ಎತ್ತು ಎರಡ ದಿನಕ್ಕ ಕಾಲಿನ ಸಂದ್ಯಾಗ ಬಿರೀತಾವ, ಒಳಗ ಕಡ್ಡಿ ಚುಚ್ಚಿದ್ರೂ ಅಷ್ಟ. ಮಣ್ಣಿಗೆ ಏನು ಕೂಡಸಬೇಕು? ಉಂಡಿದೂ ಹಂಗ. ರವಾ ಉಂಡಿ ಒಮ್ಮೆ ಕಲ್ಲು, ಒಮ್ಮೆ ಪುಡಿ. ಬೇಸನ್ ಉಂಡಿ ಕುಂತಲ್ಲೇ ಚಪ್ಪಟಿ. ಅಳತಿ ಗ್ರಾಂ ಲೆಕ್ಕದಾಗ ಹೇಳ್ರಿ, "ಅಂದಾಜಿಲೆ ಹಾಕ್ರಿ" ಅನ್ನಬ್ಯಾಡ್ರಿ. ಕಡೀಕ, ಕುಂಬಾರರ ಸಣ್ಣ ಗಡಿಗ್ಯಾಗ ಉಂಡಿ ತುಂಬಿ, ಬಾಯಿಗೆ ಅರಿವಿ ಕಟ್ಟಿ ಹೆಣ್ಮಕ್ಕಳಿಗೆ ಕೊಡಬೇಕಂತ ಮಾಡೇವಿ. ಉಂಡಿ ಕೆಡ್ತಾವೇನು?

ಮಸಾರಿ ಹೊಲ, ಗದಗ

ಬರೇ ಎರಿ ಮಣ್ಣಾದ್ರ ಬಿರಿಯೂದ ಸೈ. ಬ್ಯಾಸಗ್ಯಾಗ ಹೊಲದಾಗ ಕಾಲು ಸಿಗಬೀಳೂವಷ್ಟು ಬಾಯಿ ಬಿಡೂದು ಅದ ಮಣ್ಣಲ್ಲೇನ್ರಿ? ನೀರು ಕುಡದು ಉಬ್ಬತೈತಿ, ಒಣಗಿದಂಗ ಕುಗ್ಗತೈತಿ. ಎತ್ತಿನ ಹೊಟ್ಟಿ ದಪ್ಪ, ಕಾಲು ಸಣ್ಣ. ಕಾಲು ಮೊದಲ ಒಣಗಿ ಕುಗ್ಗತಾವ, ಹೊಟ್ಟಿ ಇನ್ನಾ ಹಸೀನ ಇರತೈತಿ, ಜಗ್ಗಾಟ ಸಂದ್ಯಾಗ ಹರೀತೈತಿ. ಕಡ್ಡಿ ಚುಚ್ಚಿದ್ರ ಇನ್ನೂ ಖರಾಬ್: ಮಣ್ಣು ಕುಗ್ಗತೈತಿ, ಕಡ್ಡಿ ಕುಗ್ಗೂದಿಲ್ಲ, ಅದರ ಸುತ್ತಲೇ ಸೀಳತೈತಿ. ಕಡ್ಡಿ ಬಿಟ್ಟಬಿಡ್ರಿ.

ಎರಿ ಮಣ್ಣು 2 ಬಟ್ಟಲ, ಮಸಾರಿ (ಕೆಂಪು) ಇಲ್ಲಾ ಕೆರಿ ಮಣ್ಣು 2 ಬಟ್ಟಲ, ಸಾಣಿಸಿದ ಸಣ್ಣ ಉಸುಕು 1 ಬಟ್ಟಲ, ಒಲಿ ಬೂದಿ ಅರ್ಧ ಬಟ್ಟಲ. ಇದಕ್ಕ ಒಂದು ಹಿಡಿ ಅರಳಿ (ಹತ್ತಿ) ಎಳಿ ಎಳಿಯಾಗಿ ಬಿಡಿಸಿ ಹಾಕ್ರಿ, ಉಂಡಿ ಉಂಡಿಯಾಗಿ ಉಳೀಬಾರದು. ಎರಿ ಮಣ್ಣಿನ್ಯಾಗ ಸುಣ್ಣದ ಹರಳು ಇರತಾವ, ಒಣ ಮಣ್ಣು ಕುಟ್ಟಿ ಜರಡಿ ಹಿಡದ್ರ ಹೋಗ್ತಾವ. ರಾತ್ರಿ ನೆನಿ ಇಡ್ರಿ, ಮುಂಜಾನೆ ಅರ್ಧ ತಾಸು ತುಳದು ನಾದ್ರಿ. ಹದ ನೋಡಾಕ ಬೆರಳ ದಪ್ಪ ಹೊಸದು ತೋರಬೆರಳಿಗೆ ಸುತ್ರಿ. ಬಿರಿದ್ರ ನಾದಿದ್ದು ಸಾಲದು, ಅಂಗೈಗೆ ಹತ್ತಿದ್ರ ನೀರು ಹೆಚ್ಚು.

ಎತ್ತು ನಾಲ್ಕೈದು ಬೆರಳುದ್ದ ಸಾಕು. ಕಾಲು ಬ್ಯಾರೆ ಮಾಡಿ ಹಚ್ಚಬ್ಯಾಡ್ರಿ, ಒಂದ ಮುದ್ದಿಯಿಂದ ಜಗ್ಗಿ ತಗೀರಿ, ಗಿಡ್ಡ ದಪ್ಪ ಕಾಲು. ಕೋಡು, ಇಣಿ (ಡುಬ್ಬ) ಹಚ್ಚೂದಾದ್ರ ಎರಡೂ ಕಡೆ ಪಿನ್ನಿಲೆ ಅಡ್ಡಾದಿಡ್ಡಿ ಗೀರಿ, ಅದ ಮಣ್ಣಿನ ರಾಡಿ ಸವರಿ ಒತ್ರಿ. ಬರೇ ನೀರು ಹಚ್ಚಿ ಅಂಟಿಸಿದ್ದು ಒಣಗಿದ ಮ್ಯಾಲ ಕಳಚಿ ಬೀಳತೈತಿ.

ಒಣಗಿಸೂದರಾಗ ಎಲ್ಲಾ ಐತಿ. ಮಣಿ (ಹಲಗಿ) ಮ್ಯಾಲ ಬೂದಿ ಉದುರಿಸಿ ಎತ್ತು ನಿಂದರಸ್ರಿ. ಕುಗ್ಗೂವಾಗ ಕಾಲು ಒಳಗ ಸರೀಬೇಕು, ನೆಲಕ್ಕ ಕಚ್ಚಿಕೊಂಡ್ರ ಅಲ್ಲೇ ಹರೀತೈತಿ. ಮೊದಲನೇ ದಿನ ಹಸಿ ಅರಿವಿ ಹಿಂಡಿ ಹೊಚ್ರಿ, ಮುಂದ ಎರಡು ದಿನ ಒಣ ಅರಿವಿ, ಆಮ್ಯಾಲ ನೆರಳಾಗ ಬಿಚ್ಚಿ ಇಡ್ರಿ. ಬಿಸಲು ಬ್ಯಾಡ, ಫ್ಯಾನ್ ಬ್ಯಾಡ. ಅಮಾಸಿ ಹೊತ್ತಿಗೆ ಮಾಡ ಇರತೈತಿ, ಆರು ದಿನ ಹಿಡೀರಿ. ಕೂದಲೆಳಿ ಬಿರುಕಿಗೆ ಗಟ್ಟಿ ರಾಡಿ ತೆಳ್ಳಗ ಎರಡ ಮೂರ ಸಲ ತಿಕ್ರಿ. ಬೆರಳು ಹೋಗೂ ಬಿರುಕು ಮುಚ್ಚೂದಿಲ್ಲ, ನೀರಾಗ ಹಾಕಿ ಕರಗಿಸಿ ಮತ್ತ ಮಾಡ್ರಿ.

ಬಣ್ಣಕ್ಕ ಸುಣ್ಣ, ಹುರಮಂಜು. ಕಣ್ಣಿಗೆ ಜೋಳ ಇಲ್ಲಾ ಕುಸುಬಿ ಕಾಳು. ಗುಲಗಂಜಿ ಚಂದ ಕಾಣತೈತಿ ಖರೆ, ಒಳಗ ವಿಷ ಐತಿ, ಸಣ್ಣ ಹುಡುಗರಿದ್ದ ಮನ್ಯಾಗ ಬ್ಯಾಡ. ಹುಡುಗರು "ಸುಟ್ಟು ಗಟ್ಟಿ ಮಾಡೂಣು" ಅಂತ ಗ್ಯಾಸಿನ ಮ್ಯಾಲ ಇಟ್ಟಾರು, ಹುಷಾರ್. ದಪ್ಪ ಹೊಟ್ಟ್ಯಾಗಿನ ನೀರು ಉಗಿಯಾಗಿ ಸಿಡೀತೈತಿ. ಮಣ್ಣು ಮತ್ತ ನೀರಾಗ ಕರಗದಂಗ ಆಗಬೇಕಂದ್ರ 600 ಡಿಗ್ರಿ ದಾಟಬೇಕು, ಅದು ಕುಂಬಾರರ ಆವಿಗಿ (ಭಟ್ಟಿ) ಕೆಲಸ. ಮಣ್ಣೆತ್ತಿಗೆ ಅದರ ಹಂಗ್ಯಾಕ? ಪೂಜಿ ಆದ ಮ್ಯಾಲ ಹೊಲಕ್ಕೋ ಕೆರಿಗೋ ಹೋಗೂದ ಅದು.

ಮಾಳಮಡ್ಡಿ ಅಡಗಿಮನಿ, ಧಾರವಾಡ

ಎತ್ತಿಂದ ಅವರು ಸರಿಯಾಗಿ ಹೇಳ್ಯಾರ. ನಾ ಉಂಡಿಗೆ ಬರ್ತೀನಿ.

ಬೇಸನ್: ದಪ್ಪ ಕಡ್ಲಿಹಿಟ್ಟು 500 ಗ್ರಾಂ, ತುಪ್ಪ 250, ಸಕ್ಕರಿ ಪುಡಿ 400, ಏಲಕ್ಕಿ ಪುಡಿ ಒಂದು ಚಮಚ. ಅಂಗಡ್ಯಾಗ ಸಣ್ಣ ಹಿಟ್ಟ ಸಿಕ್ಕರ 50 ಗ್ರಾಂ ಹುರದ ಸಣ್ಣ ರವಾ ಕೂಡಿಸ್ರಿ, ಇಲ್ಲಾಂದ್ರ ಬಾಯಾಗ ಮೇಣದಂಗ ಅಂಟತದ. ತುಪ್ಪ ಒಮ್ಮೆಲೆ ಸುರೀಬ್ಯಾಡ್ರಿ. 200 ಹಾಕಿ ಸಣ್ಣ ಉರಿ ಮ್ಯಾಲ ಹುರೀರಿ. ಮೊದಲ ಮುದ್ದಿ ಆಗತದ, ಹದಿನೈದು ನಿಮಿಷಕ್ಕ ಸಡಲ ಆಗತದ, ಆಮ್ಯಾಲ ದಂಡಿಗೆ ತುಪ್ಪ ಬಿಡತದ. 25ರಿಂದ 30 ನಿಮಿಷ ಕೈ ಬಿಡಬಾರದು. ಉಳದ ತುಪ್ಪ ಕಡೀಕ, ಬೇಕಾದ್ರ ಮಾತ್ರ. ಇಳಿಸೂ ಮುಂದ ಎರಡು ಚಮಚ ನೀರು ಚಿಮುಕಿಸಿದ್ರ ಬುಸ್ ಅಂತ ನೊರಿ ಬಂದು ಹಿಟ್ಟು ಕಾಳು ಕಾಳಾಗತದ. ಕೂಡಲೇ ಬ್ಯಾರೆ ಪರಾತಕ್ಕ ಸುರೀರಿ, ಬಿಸಿ ಬಾಣಲ್ಯಾಗ ಬಿಟ್ಟರ ತಳದ ಹಿಟ್ಟು ಕರಕಾಗತದ.

ಚಪ್ಪಟಿ ಆಗೂದಕ್ಕ ಬಹಳ ಮಾಡಿ ಕಾರಣ ಒಂದ: ಬಿಸಿ ಇದ್ದಾಗ ಸಕ್ಕರಿ ಹಾಕೂದು. ಸಕ್ಕರಿ ಕರಗಿ ಹಿಟ್ಟು ನೀರಾಗತದ. ಬೆರಳು ಇಟ್ಟರ ತಡಕೊಳ್ಳೂವಷ್ಟು ಉಗುರುಬೆಚ್ಚಗ ಆಗಲಿ, ಆಮ್ಯಾಲ ಕೂಡಿಸ್ರಿ. ಕಟ್ಟಿದ ಮ್ಯಾಲ ಚಪ್ಪಟಿ ಆದ್ರ ಅರ್ಧ ತಾಸು ಆರಲಿ, ಮತ್ತ ಕಟ್ರಿ. ಆಗಲೂ ಕುಸದ್ರ ತುಪ್ಪ ಹೆಚ್ಚಾಗೇದ, ಬ್ಯಾರೆ ಹುರದ ಕಡ್ಲಿಹಿಟ್ಟು ಎರಡ ಮೂರ ಚಮಚ ಕೂಡಿಸ್ರಿ. ಹಸಿ ಹಿಟ್ಟಲ್ಲ ಮತ್ತ!

ರವಾ: ಸಣ್ಣ ರವಾ 500, ತುಪ್ಪ 100, ಸಕ್ಕರಿ 400, ನೀರು 150 ಮಿಲಿ, ಒಣಕೊಬ್ಬರಿ ತುರಿ 50. ಹಸಿ ಕಾಯಿ ಹಾಕಿದ್ರ ಎರಡ ದಿನದ ಉಂಡಿ ಅದು, ಊರಿಗೆ ಕೊಟ್ಟು ಕಳಸೂವಂಥಾದ್ದಲ್ಲ. ರವಾ ಘಮ ಅನ್ನೂತನಾ ಹುರೀರಿ, ಬಣ್ಣ ತಿರಗಬಾರದು. ಪಾಕ ಒಂದೆಳಿ. ತಾಟಿನ್ಯಾಗ ಒಂದು ಹನಿ ಹಾಕಿ, ತುಸು ಆರಿದ ಮ್ಯಾಲ ಹೆಬ್ಬೆರಳು ತೋರಬೆರಳಿನ ನಡುವ ಹಿಡದು ಬಿಡಸ್ರಿ. ಎಳಿ ನಡುವ ಹರದ್ರ ಇನ್ನೊಂದು ನಿಮಿಷ. ಎರಡ ಎಳಿ ಬಂದ್ರ ಮುಂದ ಹೋಗೇದ, ಎರಡು ಚಮಚ ನೀರು ಹಾಕಿ ಕುದಿಸಿ ಮತ್ತ ನೋಡ್ರಿ. ನಿಮ್ಮ ಕಲ್ಲು ಮತ್ತ ಪುಡಿ ಎರಡೂ ಇಲ್ಲಿಂದನ ಬಂದಾವ: ಪಾಕ ಮುಂದ ಹೋಗಿ ಬಿಸಿ ಇದ್ದಾಗ ಕಟ್ಟಿದ್ರ ಕಲ್ಲು, ಅದ ಪಾಕ ಪರಾತದಾಗ ಸಕ್ಕರಿಗಟ್ಟಿದ್ರ ಪುಡಿ.

ರವಾ ಸುರದ ಕೂಡಲೇ ಕಟ್ಟಬ್ಯಾಡ್ರಿ. ಸಡಲ ಕಂಡ್ರೂ ಹೆದರಬ್ಯಾಡ್ರಿ, ಮುಚ್ಚಿ ಒಂದೂವರಿ ತಾಸು ಇಡ್ರಿ, ನಡುನಡುವ ಕೆದರ್ರಿ. ರವಾ ಪಾಕ ಹೀರಿ ತಾನ ಹದಕ್ಕ ಬರತದ. ಪುಡಿ ಆದ್ರ ಹಾಲು ಚಿಮುಕಿಸೂದು ಎಲ್ಲಾರಿಗೂ ಗೊತ್ತು, ಆದ್ರ ಶ್ರಾವಣದ ತಂಪಿನ್ಯಾಗ ಮೂರ ನಾಲ್ಕ ದಿನಕ್ಕ ಬೂಸರು ಬರತದ. ಅದರ ಬದಲಿ ಎರಡು ಚಮಚ ನೀರು ಚಿಮುಕಿಸಿ ಬಾಣಲ್ಯಾಗ ಸಣ್ಣ ಉರಿ ಮ್ಯಾಲ ಬೆಚ್ಚಗ ಮಾಡ್ರಿ. ಗಟ್ಟಿಯಾದ ಸಕ್ಕರಿ ಕರಗಿ ಮತ್ತ ಹಿಡಕೊಳ್ಳತದ.

ಶೇಂಗಾ ಉಂಡಿಗೆ ಪಾಕನ ಬ್ಯಾಡ. 500 ಗ್ರಾಂ ಶೇಂಗಾ ಹುರದು ಸಿಪ್ಪಿ ತಗದು, ಇನ್ನಾ ಬೆಚ್ಚಗ ಇದ್ದಾಗ 350 ಗ್ರಾಂ ಬೆಲ್ಲದ ಕೂಡ ಕುಟ್ಟಿದ್ರ ಅದರ ಎಣ್ಣಿಲೇ ಕಟ್ಟಾಕ ಬರತದ. ಮಿಕ್ಸರ್ ಆದ್ರ ಬಿಟ್ಟು ಬಿಟ್ಟು ತಿರಗಸ್ರಿ. ಚುರಮುರಿ ಉಂಡಿಗೆ ಮಾತ್ರ ಗಟ್ಟಿ ಪಾಕ ಬೇಕು: 100 ಗ್ರಾಂ ಚುರಮುರಿಗೆ 150 ಗ್ರಾಂ ಬೆಲ್ಲ. ಕರಗಿಸಿ ಸೋಸಿ ಕುದಿಸ್ರಿ, ತಣ್ಣೀರಾಗ ಬಿಟ್ಟ ಹನಿ ಗಟ್ಟಿಯಾಗಿ ತಾಟಿಗೆ ಒಗದ್ರ ಟಣ್ ಅನಬೇಕು.

35 ಗ್ರಾಮಿನ ಉಂಡಿ ಕಟ್ಟಿದ್ರ ಬೇಸನ್, ರವಾ ತಲಾ 30ರ ಮ್ಯಾಲ, ಶೇಂಗಾ 24 ಆಗ್ತಾವ. ಹದಿನೈದು ಮಂದಿ ತಿಂದು ಗಡಿಗಿ ತುಂಬಬೇಕಂದ್ರ ಎಲ್ಲಾ ದುಪ್ಪಟ್ಟು ಮಾಡ್ರಿ, ಆದ್ರ ಪಾಕ ಎರಡ ಸರತೆ ಬ್ಯಾರೆ ಬ್ಯಾರೆ. ಬೇಸನ್, ಶೇಂಗಾ ವಾರದ ಮೊದಲ ಮುಗಿಸ್ರಿ, ರವಾ ಉಂಡಿ ‘ರೊಟ್ಟಿ ಪಂಚಮಿ’ಯ ಹಿಂದಿನ ದಿನ, ಚುರಮುರಿ ಕಡೀಕ. ಹಾಲೆರಿಯೂ ದಿನ ನಿಮ್ಮ ಮನ್ಯಾಗ ಒಲಿ ಮ್ಯಾಲ ಹಂಚು ಇಡೂದಿಲ್ಲಂದ್ರ ಕಟಕ ರೊಟ್ಟಿ, ಶೇಂಗಾ ಹಿಂಡಿನೂ ಇದರಾಗ ಲೆಕ್ಕ ಹಿಡೀರಿ.

ತಿಗರಿ, ಹಾವೇರಿ

ಗಡಿಗಿ ವಿಷಯ. ಕೊಡಾಕ ಬಳಸ್ರಿ, ಇಡಾಕ ಬ್ಯಾಡ. ಸುಟ್ಟ ಮಣ್ಣಿಗೆ ಸಣ್ಣ ತೂತು ಇರತಾವ. ಬ್ಯಾಸಗ್ಯಾಗ ನೀರು ಜಿನುಗಿ ಆರೂದಕ್ಕನ ಗಡಿಗಿ ತಂಪು. ಶ್ರಾವಣದಾಗ ಹಂಗಲ್ಲ, ಹವಾದಾಗಿನ ತೇವ ಗಡಿಗಿ ಹೀರತೈತಿ, ಒಳಗಿನ ಚುರಮುರಿ ಮೊದಲ ಮೆತ್ತಗಾಗತೈತಿ. ಬೇಸನ್ ಉಂಡಿದು ಉಲ್ಟಾ, ಅದರ ತುಪ್ಪನ ಗಡಿಗಿ ಕುಡೀತೈತಿ, ಮುಂದ ಆ ಗಡಿಗಿ ಕಮಟು ವಾಸನಿ ಬಿಡೂದಿಲ್ಲ. ಒಳಗ ಎಣ್ಣಿ ಸವರ್ರಿ ಅಂತ ಯಾರರೆ ಹೇಳಿದ್ರ ಕೇಳಬ್ಯಾಡ್ರಿ, ಅದೂ ಹಂಗ ಕಮಟತೈತಿ.

ತಗೊಳ್ಳೂ ಮುಂದ ಬೆರಳ ಗೆಣ್ಣಿಲೆ ಬಡೀರಿ. ಖಣಿ ಖಣಿ ಅಂದ್ರ ಛಲೋ ಸುಟ್ಟೈತಿ. ಬದ್ ಅಂದ್ರ ಬಿರುಕು ಐತಿ ಇಲ್ಲಾ ಅರೆಸುಡು. ಒಳಗ ಮಿರಮಿರ ಬಣ್ಣ ಬಳದದ್ದು ತಿನ್ನೂದಕ್ಕ ಬ್ಯಾಡ. ನೀರು ಮುಟ್ಟಸಬ್ಯಾಡ್ರಿ, ಒಣ ಅರಿವಿಲೆ ಒರಸಿ ಎರಡು ದಿನ ಬಿಸಲು ಕಾಣಸ್ರಿ. ಬಿಸಲು ಇಲ್ಲಂದ್ರ ಕಬ್ಬಿಣ ಹಂಚಿನ ಮ್ಯಾಲ ಬೋರಲ ಇಟ್ಟು ಅಗದಿ ಸಣ್ಣ ಉರೀಲೆ ಹತ್ತು ನಿಮಿಷ ಕಾಸಿ, ಪೂರಾ ಆರಾಕ ಬಿಡ್ರಿ. ಒಳಗ ಬಟರ್ ಪೇಪರ್ ಎರಡು ಪದರ, ಮ್ಯಾಲ ಒಣ ಮುತ್ತಲ ಪತ್ರಾವಳಿ. ಹೊರಡೂ ದಿನ ಮುಂಜಾನೆ ತುಂಬ್ರಿ, ಊರು ಮುಟ್ಟಿದ ಕೂಡಲೇ ಡಬ್ಬಿಗೆ ಹಾಕಾಕ ಹೇಳ್ರಿ.

ಉಣಕಲ್ ಕಡಿಯಾಕಿ, ಹುಬ್ಬಳ್ಳಿ

ಇಷ್ಟ ಬಿಡಿಸಿ ಹೇಳಿದ್ರಿ, ಭಾಳ ಉಪಕಾರ ಆತು. ಗಡಿಗಿಗೆ ಗಂಜಿ ಕಾಸಿದ್ರ ತೂತು ಮುಚ್ಚತಾವಂತ ಕೇಳೇನಿ. ಹಂಗ ಮಾಡಿದ್ರ ಉಂಡಿ ಇಡಾಕ ಬರೂದಿಲ್ಲೇನ್ರಿ?

ತಿಗರಿ, ಹಾವೇರಿ

ಗಂಜಿ ಕಾಸೂದು ಅಡಗಿ ಗಡಿಗಿಗೆ. ಒಂದು ದಿನ ನೀರಾಗ ಮುಳಗಿಸಿ ಇಟ್ಟು, ಅಕ್ಕಿ ಗಂಜಿ ಹಾಕಿ ಸಣ್ಣ ಉರೀಲೆ ಕುದಿಸಿದ್ರ ಸಾರು, ಪಲ್ಯಾ ಮಾಡಾಕ ತಡೀತೈತಿ. ಮಳಿಗಾಲದಾಗ ಒಣ ತಿನಸಿಗೆ ಅದು ತಿರುಗಬಾಣ, ತೂತಿನ್ಯಾಗಿನ ಗಂಜಿಗೇ ಬೂಸರು ಹಿಡೀತೈತಿ. ಪಂಚಮಿಗೆ ಮನ್ಯಾಗಿನ ಗಡಿಗಿ ಖರೇ ಬಳಕಿ ಅಂದ್ರ ಮಡಿಕಿ ಕಾಳಿಂದು (ಹೆಸರಿನ ಜಾತಿ ಸಣ್ಣ ಕಾಳು). 250 ಗ್ರಾಂ ಕಾಳು ಎಂಟು ತಾಸು ನೆನಸಿ, ಬಸದು, ಅರಿವ್ಯಾಗ ಕಟ್ಟಿ ಹಸಿ ಗಡಿಗ್ಯಾಗ ಇಟ್ಟರ ಆ ತಂಪಿನ್ಯಾಗೂ ಹದಿನೆಂಟು ಇಪ್ಪತ್ತು ತಾಸಿಗೆ ಮೊಳಕಿ ಬರತಾವ. ಆ ಗಡಿಗಿ ಸೋಪಿನ ಪುಡೀಲೆ ಮಾತ್ರ ತೊಳೀಬ್ಯಾಡ್ರಿ, ಮುಂದಿನ ಸಲ ಕಾಳಿಗೆ ಅದರ ವಾಸನಿ.

ಮಸಾರಿ ಹೊಲ, ಗದಗ

ಉಂಡಿ ಇಡಾಕ ಉಪ್ಪಿನಕಾಯಿ ಭರಣಿ ಛಲೋ, ಗಾಜಿನ ಲೇಪ ಇರೂದರಿಂದ ತೇವ ಹೀರೂದಿಲ್ಲ. ಹಳೇ ಉಪ್ಪಿನಕಾಯಿ ವಾಸನಿ ಇಲ್ಲದ್ದು ನೋಡಕೊಳ್ರಿ.

ಮಾಳಮಡ್ಡಿ ಅಡಗಿಮನಿ, ಧಾರವಾಡ

ಭರಣಿ ಬಾಯಿ ದೊಡ್ಡದು, ಹುಡುಗರು ದಿನಾ ಹತ್ತು ಸಲ ತಗೀತಾವ, ತಗದಾಗೊಮ್ಮೆ ತಂಪು ಹವಾ ಒಳಗ. ಸಣ್ಣ ಸ್ಟೀಲ್ ಡಬ್ಬಿ ನಾಲ್ಕು ಮಾಡ್ರಿ, ಒಂದು ಖಾಲಿ ಆದ ಮ್ಯಾಲ ಇನ್ನೊಂದು ತಗೀರಿ. ಉಂಡಿ ಪೂರ್ತಿ ಆರೂ ಮುಂದ ಮುಚ್ಚಳ ಹಾಕಬ್ಯಾಡ್ರಿ, ಒಳಗ ಬೆವತು ಅದ ನೀರು ಉಂಡಿಗೆ ಇಳೀತದ.

ತಿಗರಿ, ಹಾವೇರಿ

ಇನ್ನೊಂದು. ಮಣ್ಣೆತ್ತಿನ ಅಮಾಸಿ ಮುಗದು ಪಂಚಮಿಗೆ ಬರೇ ಒಂದು ತಿಂಗಳ ಮ್ಯಾಲ ಐದು ದಿನ. ಮಳಿ ಹಿಡದ ಮ್ಯಾಲ ಹಸಿ ಗಡಿಗಿ ಒಣಗೂದಿಲ್ಲ, ಆವಿಗಿ ಹಾಕೂದು ಕಡಿಮಿ ಆಗತೈತಿ, ಹಾಕಿದ್ರೂ ತೇವದ ಕಟಗಿಗೆ ಸುಡು ಸಮ ಬರೂದಿಲ್ಲ. ಬ್ಯಾಸಗ್ಯಾಗ ಸುಟ್ಟ ಮಾಲು ಕುಂಬಾರರ ಕಡೆ ಇನ್ನೂ ಇರತೈತಿ, ಈಗ ಹೋಗಿ ಬಡದು ನೋಡಿ ಆರಿಸಿ ತರ್ರಿ. ಎತ್ತಿಗೆ ಮಣ್ಣೂ ಅವರ ಹತ್ತಿರನ ಕೇಳ್ರಿ, ನಾದಿದ ಮಣ್ಣ ಸಿಕ್ಕರ ಅರ್ಧ ಕೆಲಸ ಉಳೀತೈತಿ.