ಥಯೋಲ್ ಹಾಕಿದರೆ ಕರಗದ ಪುಡಿ ಬರುತ್ತಿದೆ, ಏನು ಮಾಡಲಿ?

ಪ್ರಶ್ನೆ: ಸರ್, ಎಂಎಸ್ಸಿ ಪ್ರಾಜೆಕ್ಟ್‌ಗಾಗಿ ಲೋಹಕ್ಕೆ ಥಯೋಲ್ (ಗಂಧಕ-ಹೈಡ್ರೋಜನ್ ಗುಂಪಿರುವ ಸಂಯುಕ್ತ) ಕಟ್ಟಬೇಕು. ನಿಕಲ್ ಅಸಿಟೇಟ್, ಥಯೋಫಿನಾಲ್ ಎಂಬ ಥಯೋಲ್, ಟ್ರೈಈಥೈಲಮೀನ್ ಎಂಬ ಬೇಸ್ ಸೇರಿಸಿದೆ. ಕಂದು ಪುಡಿ ಬಂತು, ಯಾವ ಸಾಲ್ವೆಂಟ್‌ನಲ್ಲೂ ಕರಗುತ್ತಿಲ್ಲ. ನಿಕಲ್ ಬದಲು ಕ್ಯುಪ್ರಿಕ್ ಕ್ಲೋರೈಡ್ (ತಾಮ್ರದ ಲವಣ) ತೆಗೆದುಕೊಂಡರೆ ಡೈಸಲ್ಫೈಡ್, ಅಂದರೆ ಎರಡು ಗಂಧಕ ಸೇರಿಕೊಂಡ ಸಂಯುಕ್ತ, ಸಿಗುತ್ತದೆ. ನೈಟ್ರೋಜನ್ ಹಾಯಿಸಿ ಮಾಡಿದರೂ ಅಷ್ಟೇ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನಿಮ್ಮ ಕೈಕೆಲಸದಲ್ಲಿ ತಪ್ಪಿಲ್ಲ, ಇದು ಗಂಧಕದ ಗುಣ. ಥಯೋಲೇಟ್‌ನ (ಹೈಡ್ರೋಜನ್ ಅಯಾನು ಕಳೆದುಕೊಂಡ ಥಯೋಲ್) ಗಂಧಕ ಒಂದು ನಿಕಲ್‌ಗೆ ಎಲೆಕ್ಟ್ರಾನ್ ಜೋಡಿ ಕೊಟ್ಟ ಮೇಲೂ ಅದರ ಹತ್ತಿರ ಇನ್ನೆರಡು ಜೋಡಿ ಉಳಿದಿರುತ್ತವೆ. ಅದು ಪಕ್ಕದ ನಿಕಲನ್ನೂ ಹಿಡಿದುಕೊಳ್ಳುತ್ತದೆ. ಹಾಗೇ ಉದ್ದಕ್ಕೆ ಬೆಳೆದ ಸರಪಳಿಯೇ ನಿಮ್ಮ ಪುಡಿ. ತಾಮ್ರದ ಕಥೆ ಬೇರೆ. ತಾಮ್ರ(2) ತಾನೇ ಥಯೋಲೇಟ್‌ನಿಂದ ಎಲೆಕ್ಟ್ರಾನ್ ಕಿತ್ತುಕೊಂಡು ತಾಮ್ರ(1) ಆಗುತ್ತದೆ, ಎಲೆಕ್ಟ್ರಾನ್ ಕಳೆದುಕೊಂಡ ಗಂಧಕಗಳು ಎರಡೆರಡಾಗಿ ಸೇರಿ ಡೈಸಲ್ಫೈಡ್ ಆಗುತ್ತವೆ. ಗಾಳಿಯ ಹಂಗೇ ಇಲ್ಲ, ಅದಕ್ಕೇ ನೈಟ್ರೋಜನ್‌ನಿಂದ ಪ್ರಯೋಜನ ಆಗಲಿಲ್ಲ.

ಮೊದಲು ಡೈಥಯೋಕಾರ್ಬಮೇಟ್ ಮಾಡಿ ನೋಡಿ. ಇಲ್ಲಿ ಎರಡು ಗಂಧಕ ಸೇರಿ ಒಂದೇ ಲೋಹವನ್ನು ಇಕ್ಕಳದಂತೆ ಹಿಡಿಯುತ್ತವೆ. ಸೋಡಿಯಂ ಡೈಈಥೈಲ್‌ಡೈಥಯೋಕಾರ್ಬಮೇಟ್ ಎರಡು ಪಾಲು, ನಿಕಲ್ ಕ್ಲೋರೈಡ್ ಒಂದು ಪಾಲು, ಎರಡನ್ನೂ ನೀರಿನಲ್ಲೇ ಕರಗಿಸಿ ಸೇರಿಸಿ. ಹಸಿರು ಪ್ರೆಸಿಪಿಟೇಟ್ ತಕ್ಷಣ ಇಳಿಯುತ್ತದೆ. ಅದು ಕ್ಲೋರೋಫಾರ್ಮ್‌ನಲ್ಲಿ ಚೆನ್ನಾಗಿ ಕರಗುತ್ತದೆ. ಚೌಕ ಸಮತಲದ ನಿಕಲ್(2), ಡಯಾಮ್ಯಾಗ್ನೆಟಿಕ್ (ಒಂಟಿ ಎಲೆಕ್ಟ್ರಾನ್ ಇಲ್ಲ), ಆದ್ದರಿಂದ ಎನ್‌ಎಂಆರ್ ಕೂಡ ಚೂಪಾಗಿ ಬರುತ್ತದೆ. ಗೆರೆಗಳು ಅಗಲವಾಗಿದ್ದರೆ ಮತ್ತೊಮ್ಮೆ ಕ್ರಿಸ್ಟಲ್ ಮಾಡಿ.

ಮರುಪ್ರಶ್ನೆ: ಲಿಗಂಡನ್ನು (ಲೋಹವನ್ನು ಹಿಡಿಯುವ ಆ ಡೈಥಯೋಕಾರ್ಬಮೇಟ್) ನಾನೇ ಮಾಡಬಹುದಾ? ಪ್ರೈಮರಿ ಅಮೀನ್ ಇದೆ.

ಉತ್ತರ: ಮಾಡಬಹುದು, ಬೇಸ್ ಜೊತೆ ಅಮೀನ್‌ಗೆ ಕಾರ್ಬನ್ ಡೈಸಲ್ಫೈಡ್ ಸೇರಿಸಿದರೆ ಅದು ಸಿಗುತ್ತದೆ. ಆದರೆ ಸೆಕೆಂಡರಿ ಅಮೀನ್ ತೆಗೆದುಕೊಳ್ಳಿ. ಪ್ರೈಮರಿ ಆದರೆ ನೈಟ್ರೋಜನ್ ಮೇಲೆ ಹೈಡ್ರೋಜನ್ ಉಳಿಯುತ್ತದೆ, ಲೋಹ ಸೇರಿದಾಗ ಒಡೆದು ಐಸೋಥಯೋಸೈನೇಟ್ ಆಗಿಬಿಡಬಹುದು. ಆಸಿಡ್ ಮುಟ್ಟಿಸಬೇಡಿ, ಲಿಗಂಡ್ ಹಾಳಾಗುತ್ತದೆ. ಇದೊಂದು ಮಾತು ದಯವಿಟ್ಟು ನೆನಪಿಡಿ: ಕಾರ್ಬನ್ ಡೈಸಲ್ಫೈಡ್ 46 ಡಿಗ್ರಿಗೇ ಕುದಿಯುತ್ತದೆ. ಬೆಂಕಿಯೇ ಬೇಕಿಲ್ಲ, ಬಿಸಿ ಹಾಟ್‌ಪ್ಲೇಟ್ ಸಾಕು ಅದರ ಆವಿ ಹೊತ್ತಿಕೊಳ್ಳೋಕೆ. ಐಸ್‌ನಲ್ಲಿಟ್ಟು, ಫ್ಯೂಮ್‌ಹುಡ್ ಒಳಗೇ ಹನಿಹನಿಯಾಗಿ ಹಾಕಿ.

ಮರುಪ್ರಶ್ನೆ: ನಮ್ಮ ಗೈಡ್ ಮೀಥೈಲ್ ಅಯೋಡೈಡ್ ಜೊತೆ ರಿಯಾಕ್ಷನ್ ಮಾಡಿಸಿ ಅಂತಾರೆ.

ಉತ್ತರ: ಹಾಗಾದರೆ ಥಯೋಲೇಟೇ ಬೇಕು, ಡೈಥಯೋಕಾರ್ಬಮೇಟ್ ಸಾಲದು. ಎರಡು ನೈಟ್ರೋಜನ್, ಎರಡು ಥಯೋಲೇಟ್ ಒಂದೇ ಲಿಗಂಡ್‌ನಲ್ಲಿರುವುದನ್ನು ಆರಿಸಿ. ನಾಲ್ಕೂ ಕಡೆಯಿಂದ ನಿಕಲ್ ಸಿಕ್ಕಿಕೊಳ್ಳುವುದರಿಂದ ಸರಪಳಿ ಬೆಳೆಯುವುದು ಕಷ್ಟ. ಗಂಧಕದ ಮೇಲೆ ಉಳಿದ ಆ ಜೋಡಿಗಳು ಮಾತ್ರ ಹಾಗೇ ಇರುತ್ತವೆ. ಅವೇ ಮೀಥೈಲ್ ಗುಂಪನ್ನು ಹಿಡಿಯುತ್ತವೆ, ಹೀಗೆ ಥಯೋಈಥರ್ (ಎರಡು ಕಾರ್ಬನ್ ನಡುವೆ ಗಂಧಕ) ಆದ ಮೇಲೂ ಗಂಧಕ ನಿಕಲನ್ನು ಬಿಡುವುದಿಲ್ಲ. ಇಷ್ಟು ದಿನ ಕಾಟ ಕೊಟ್ಟದ್ದೂ ಅವೇ ಜೋಡಿಗಳು ಅಲ್ವಾ!